ಜಾಗಟೆ ಹಿಡಿದ ಲೀಲಾವತಿ ಅಮ್ಮ ಮತ್ತು ಆಫ್ರಿಕದ ಅಕ್ಕಂದಿರು

2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಸಮಾರಂಭಕ್ಕೆ ದಕ್ಷಿಣ ಆಫ್ರಿಕದ ಹಾಡುಗಾರ್ತಿ ಟೈಲಾ ಮರಳಿನ ಉಡುಪು ತೊಟ್ಟು ಬಂದರು. ಬಾಲ್ಮೇನ್ ಕಂಪನಿಯವರು ಅವರ ಮೈಯ ಅಚ್ಚು ತೆಗೆದು ಮಾಡಿದ ಉಡುಪು ಅದು. ನೋಡಲಿಕ್ಕೆ ಚಂದವೇ, ಆದರೆ ಕಾಲೆತ್ತಿ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಜನ ಅವರನ್ನು ಎತ್ತಿಕೊಂಡೇ ಮೇಲೆ ತಲುಪಿಸಬೇಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಅವರು ತಮ್ಮ ‘ವಾಟರ್’ ಹಾಡಿಗೆ ಗ್ರ್ಯಾಮಿ ಪಡೆದಿದ್ದರು. ಆಫ್ರಿಕದ ಸಂಗೀತಕ್ಕೆಂದೇ ಹೊಸದಾಗಿ ಇಟ್ಟ ವಿಭಾಗದ ಮೊತ್ತಮೊದಲ ಪ್ರಶಸ್ತಿ ಅದು. ಆಗ ಅವರ ವಯಸ್ಸು 22, ಅಂದರೆ ನಮ್ಮ ಫೈನಲ್ ಇಯರ್ ಅಕ್ಕಂದಿರಷ್ಟು.

ನಮ್ಮ ಕ್ಲಬ್ಬಿನ ಸಭೆಯಲ್ಲಿ ಈ ವಿಡಿಯೋ ನೋಡಿ ಎರಡು ಪಂಗಡ ಆಯಿತು. “ಹಾಡಲಿಕ್ಕೆ ಬಂದವಳಿಗೆ ಈ ವೇಷ ಎಲ್ಲ ಎಂತಕ್ಕೆ?” ಅಂತ ಒಬ್ಬ. “ಯಕ್ಷಗಾನದ ಊರಿನವರು ಕೇಳುವ ಪ್ರಶ್ನೆಯಾ ಮಾರಾಯ ಇದು?” ಅಂತ ಇನ್ನೊಬ್ಬಳು. ಎರಡನೆಯ ಮಾತೇ ಸರಿ ಅಂತ ನಮಗೆ ಕಂಡಿತು. ಹಾಡು ಬೇರೆ, ಉಡುಪು ಬೇರೆ, ಕುಣಿತ ಬೇರೆ ಅಂತ ನಮ್ಮ ಕರಾವಳಿಯ ರಂಗಸ್ಥಳ ಯಾವತ್ತೂ ಹೇಳಿದ್ದಿಲ್ಲ. ಹಾಗಾಗಿ ಈ ಸಲದ ಅಧ್ಯಯನ ಲೇಖನಕ್ಕೆ ಇದನ್ನೇ ತೆಗೆದುಕೊಂಡೆವು. ಹಾಡುವ ಹೆಂಗಸೊಬ್ಬಳು ಅದನ್ನೇ ವೃತ್ತಿ ಮಾಡಿಕೊಳ್ಳಬೇಕಾದರೆ ಸ್ವರದ ಜೊತೆಗೆ ಇನ್ನು ಏನೇನು ಬೇಕು? ಅವಳು ಒಳಗೆ ಬಂದದ್ದು ಯಾವ ಬಾಗಿಲಿನಿಂದ? ಅವಳ ಹಿಂದೆ ಬಂದವರಿಗೂ ಆ ಬಾಗಿಲು ತೆರೆದೇ ಇತ್ತಾ?

ಉದಾಹರಣೆಗಾಗಿ ದೂರ ಹೋಗುವ ಅಗತ್ಯ ಇರಲಿಲ್ಲ. ಬಜಪೆ ಅಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ ಅಷ್ಟೇ. ನಮಗೂ ಹೆಚ್ಚು ಕಡಿಮೆ ಹಾಗೆಯೇ, ಊರಿಂದ ಬರುವಾಗ ಬಸ್ಸಿನ ಬೋರ್ಡು, ರಜೆಗೆ ಹೋಗುವಾಗ ಟ್ರಾಫಿಕ್ಕು. ಆದರೆ ಬಜಪೆಯ ಹತ್ತಿರವೇ ತಲಕಳ ಎಂಬ ಊರು ಉಂಟು. ಯಕ್ಷಗಾನದ ಮೊದಲ ವೃತ್ತಿಪರ ಮಹಿಳಾ ಭಾಗವತರು ಅಂತ ಎಲ್ಲರೂ ಗುರುತಿಸುವ ಲೀಲಾವತಿ ಬೈಪಾಡಿತ್ತಾಯರು ಬಾಳಿದ್ದು ಅಲ್ಲಿ. 2024ರ ಡಿಸೆಂಬರ್‌ನಲ್ಲಿ, ತಮ್ಮ 77ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಹಿಂದಿನ ವರ್ಷ, 2023ರಲ್ಲಿ, ಅವರಿಗೆ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು. ನಮ್ಮ ಕ್ಯಾಂಪಸ್ಸಿನಲ್ಲಿ ಟೈಲಾ ಹೆಸರು ಗೊತ್ತಿರುವವರು ಎಷ್ಟು, ಲೀಲಾವತಿ ಅಮ್ಮನ ಹೆಸರು ಗೊತ್ತಿರುವವರು ಎಷ್ಟು ಅಂತ ಕೈ ಎತ್ತಿಸಿ ನೋಡುವ ಧೈರ್ಯ ನಮಗಿಲ್ಲ.

ಮೊದಲು, ಭಾಗವತ ಅಂದರೆ ಏನು ಅಂತ ಘಟ್ಟದ ಮೇಲಿನ ಗೆಳೆಯರಿಗೆ ಹೇಳಬೇಕು. ಸಿನಿಮಾದ ಹಿನ್ನೆಲೆ ಗಾಯಕರ ಹಾಗೆ ಅಂದುಕೊಂಡರೆ ತಪ್ಪಾಗುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು ರಂಗಸ್ಥಳದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಜಾಗಟೆ ಹಿಡಿದು ಕೂರುತ್ತಾರೆ. ಅವರ ಜೊತೆ ಚೆಂಡೆ, ಮದ್ದಳೆ, ಶ್ರುತಿ, ಚಕ್ರತಾಳ. ಪದ್ಯ ಎಲ್ಲಿ ಎತ್ತಬೇಕು, ಯಾವ ತಾಳ, ಎಷ್ಟು ವೇಗ, ಪಾತ್ರಧಾರಿಯ ಮಾತು ಲಂಬಿಸಿದರೆ ಎಲ್ಲಿ ತುಂಡು ಮಾಡಬೇಕು, ಬೆಳಗಾಗುವ ಮೊದಲು ಪ್ರಸಂಗ ಮುಗಿಯುತ್ತದಾ ಇಲ್ಲವಾ, ಈ ಎಲ್ಲ ಲೆಕ್ಕ ಅವರದ್ದು. ಭಾಗವತನೇ ಒಂದನೇ ವೇಷ ಅಂತ ಹಿರಿಯರು ಹೇಳುವುದು ಇದಕ್ಕೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಡೀ ಸಿಸ್ಟಮ್ಮಿನ ಕ್ಲಾಕು ಮತ್ತು ಕಂಟ್ರೋಲರ್ ಎರಡೂ ಒಬ್ಬರೇ.

ಹಾಗಾಗಿ ಒಬ್ಬ ಹೆಂಗಸು ಭಾಗವತಿಕೆ ಮಾಡುತ್ತಾಳೆ ಅಂದರೆ ಅದರ ಅರ್ಥ ಬರೇ “ಅವಳಿಗೆ ಚಂದದ ಸ್ವರ ಉಂಟು” ಅಂತಲ್ಲ. ಹತ್ತು ಹದಿನೈದು ಗಂಡಸರು ರಾತ್ರಿಯಿಡೀ ಅವಳ ಜಾಗಟೆಯ ಪೆಟ್ಟಿಗೆ ಸರಿಯಾಗಿ ಕುಣಿಯಬೇಕು, ಅವಳು ನಿಲ್ಲಿಸಿದಲ್ಲಿ ನಿಲ್ಲಬೇಕು. ಹಾಡುವ ಹೆಂಗಸರು ನಮ್ಮಲ್ಲಿ ಮೊದಲಿನಿಂದಲೂ ಇದ್ದರು. ಮೇಳದಲ್ಲಿ ಆಜ್ಞೆ ಕೊಡುವ ಜಾಗದಲ್ಲಿ ಕೂತು ಹಾಡುವವರು ಇರಲಿಲ್ಲ.

ಲೀಲಾವತಿ ಅಮ್ಮ ಹುಟ್ಟಿದ್ದು 1947ರಲ್ಲಿ, ಈಗ ಕೇರಳದಲ್ಲಿರುವ ಕಾಸರಗೋಡಿನ ಮಧೂರಿನಲ್ಲಿ. ಮೊದಲು ಕಲಿತದ್ದು ಕರ್ನಾಟಕ ಶಾಸ್ತ್ರೀಯ ಸಂಗೀತ. ಮದುವೆಯಾದದ್ದು ಹರಿನಾರಾಯಣ ಬೈಪಾಡಿತ್ತಾಯರನ್ನು. ಅವರು ಚೆಂಡೆ ಮದ್ದಳೆಯ ಹೆಸರಾಂತ ಕಲಾವಿದರು. ಯಕ್ಷಗಾನದ ತಾಳ, ನಡೆ, ಪದ್ಯ ಹೇಳುವ ಕ್ರಮ ಎಲ್ಲ ಆಮೇಲೆ ಅವರಿಂದಲೇ ಕಲಿತದ್ದು. ಗಂಡನೇ ಗುರು. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಸಂಗೀತ ಗೊತ್ತಿದ್ದವರಿಗೆ ಯಕ್ಷಗಾನ ಸುಲಭ ಅಂತ ಹಲವರು ತಿಳಿಯುತ್ತಾರೆ. ಹಾಗೇನಿಲ್ಲ. ಕಛೇರಿಯಲ್ಲಿ ಮೃದಂಗ ಹಾಡುಗಾರರನ್ನು ಅನುಸರಿಸುತ್ತದೆ, ರಾಗ ಬೆಳೆಸಲು ಬೇಕಾದಷ್ಟು ಸಮಯ ಇರುತ್ತದೆ. ಆಟದಲ್ಲಿ ಎದುರಿಗೆ ಕುಣಿಯುವ ಕಾಲು ಉಂಟು. ಪಾತ್ರಕ್ಕೆ ರೋಷ ಬಂದರೆ ಪದ್ಯಕ್ಕೂ ರೋಷ ಬರಬೇಕು, ಚೆಂಡೆಯ ಅಬ್ಬರದ ಮೇಲೆ ಅಕ್ಷರ ಸ್ಪಷ್ಟ ಕೇಳಬೇಕು. ರಾಗದ ಚಂದ ನೋಡುತ್ತಾ ಕೂತರೆ ವೇಷಧಾರಿ ನಡುರಂಗದಲ್ಲಿ ನಿಂತುಬಿಡುತ್ತಾನೆ. ಇದು ಬೇರೆಯೇ ವಿದ್ಯೆ, ಅವರು ಇದನ್ನು ಮೊದಲಿನಿಂದ ಕಲಿತರು.

ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಮೇಳಗಳಲ್ಲಿ ಹಾಡಿದರು. ಅರುವ, ಕುಂಬಳೆ, ಬಪ್ಪನಾಡು, ತಲಕಳ ಹೀಗೆ. ಗಂಡ ಹೆಂಡತಿ ಒಟ್ಟಿಗೇ ಹಿಮ್ಮೇಳದಲ್ಲಿ. ಮೇಳದ ತಿರುಗಾಟ ಅಂದರೆ ಸಾಮಾನ್ಯವಾಗಿ ದೀಪಾವಳಿಯ ನಂತರ ಹೊರಟು ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ. ಆರು ತಿಂಗಳು ದಿನಕ್ಕೊಂದು ಊರು, ರಾತ್ರಿ ಆಟ, ಹಗಲು ನಿದ್ದೆ. ಟೆಂಟಿನ ಮೇಳವಾದರೆ ಇವತ್ತು ಇಲ್ಲಿ ಕಟ್ಟಿದ ಡೇರೆ ನಾಳೆ ಇನ್ನೊಂದು ಗದ್ದೆಯಲ್ಲಿ. ಎಲ್ಲಿ ಮಲಗುವುದು, ಎಲ್ಲಿ ಸ್ನಾನ, ಬಟ್ಟೆ ಬದಲಿಸುವುದು ಎಲ್ಲಿ, ಮನೆಯಲ್ಲಿ ಮಕ್ಕಳನ್ನು ನೋಡುವವರು ಯಾರು? ಗಂಡಸರ ಮೇಳಕ್ಕೆಂದು ಕಟ್ಟಿದ ವ್ಯವಸ್ಥೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಬರೆದಿರಲಿಲ್ಲ. ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಒಂದೇ ಹಾಲ್‌ನ ಹಾಗೆ ಇರುತ್ತದೆ, ಸಾಲಾಗಿ ಪೆಟ್ಟಿಗೆ, ಎದುರಿಗೆ ಕನ್ನಡಿ. ಅದರಲ್ಲಿ ಹೆಣ್ಣಿಗೆ ಮರೆ ಎಲ್ಲಿಂದ ಬರಬೇಕು?

ಶ್ರುತಿಯದ್ದೂ ಇಂಥದ್ದೇ ಒಂದು ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಇದು ನಮ್ಮ ಸಿಲಬಸ್ಸಿನೊಳಗೇ ಬರುತ್ತದೆ. ಯಕ್ಷಗಾನದವರು ಶ್ರುತಿಯನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ, ಕಪ್ಪು ಒಂದು, ಕಪ್ಪು ಎರಡು, ಬಿಳಿ ಐದು ಹೀಗೆ. ಲೆಕ್ಕ ಸುಲಭವಾಗಲಿ ಅಂತ ಒಬ್ಬ ಗಂಡಸು ಕಪ್ಪು ಒಂದರಲ್ಲಿ, ಒಬ್ಬ ಹೆಂಗಸು ಬಿಳಿ ಐದರಲ್ಲಿ ಹಾಡುತ್ತಾಳೆ ಅಂತ ಇಟ್ಟುಕೊಳ್ಳಿ. ಕಪ್ಪು ಒಂದು ಅಂದರೆ ಸುಮಾರು 277 ಹರ್ಟ್ಜ್, ಬಿಳಿ ಐದು ಅಂದರೆ 392. ಎರಡರ ಅನುಪಾತ 1.41, ಅಂದರೆ ಎರಡರ ವರ್ಗಮೂಲ. ಈಗ ಮದ್ದಳೆಯ ಬಲಬದಿಯ ಮುಚ್ಚಿಗೆಯನ್ನು ಭಾಗವತರ ಶ್ರುತಿಗೆ ಸೇರಿಸಬೇಕು. ಬಿಗಿದ ಚರ್ಮದ ಕಂಪನಾಂಕ ಅದರ ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿ ಏರುತ್ತದೆ, ತ್ರಿಜ್ಯ ಹೆಚ್ಚಾದಂತೆ ಇಳಿಯುತ್ತದೆ. ಕಂಪನಾಂಕ 1.41 ಪಟ್ಟು ಏರಬೇಕಾದರೆ ಅದೇ ಮದ್ದಳೆಯ ಬಿಗಿತವನ್ನು ಎರಡು ಪಟ್ಟು ಮಾಡಬೇಕು. ಚರ್ಮ ತಡೆಯುತ್ತದಾ? ಅನುಮಾನವೇ. ಇಲ್ಲದಿದ್ದರೆ ತ್ರಿಜ್ಯ 0.71 ಪಟ್ಟು ಇರುವ ಬೇರೆಯೇ ಮದ್ದಳೆ ತರಬೇಕು. ಮುಚ್ಚಿಗೆಯ ನಡುವಿನ ಕಪ್ಪು ಲೇಪದಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೆ ದಿಕ್ಕು ಬದಲಾಗುವುದಿಲ್ಲ.

ಅಂದರೆ ಒಬ್ಬ ಹೆಂಗಸನ್ನು ಮೇಳಕ್ಕೆ ಕರೆದರೆ ಸಾಲುವುದಿಲ್ಲ. ಅವಳಿಗೆ ಹೊಂದುವ ಮದ್ದಳೆಯನ್ನೂ ಹೊತ್ತು ತಿರುಗಬೇಕು. ತರದಿದ್ದರೆ ಅವಳೇ ತನ್ನ ಸ್ವರವನ್ನು ಗಂಡಿನ ಶ್ರುತಿಗೆ ಇಳಿಸಿ ಹಾಡಬೇಕು. ಇಳಿಸಿದ ಸ್ವರ ಚೆಂಡೆಯ ಎದುರು ಕೇಳುವುದಿಲ್ಲ. ಕೇಳದಿದ್ದರೆ “ಹೆಂಗಸರಿಗೆ ಭಾಗವತಿಕೆ ಆಗುವುದಿಲ್ಲ, ನೋಡಿದಿರಲ್ಲ” ಅಂತ ತೀರ್ಪು ಬರುತ್ತದೆ. ಕುತ್ತಿಗೆ ಪಟ್ಟಿಯ ಅಳತೆ ತಪ್ಪಿದ ಅಂಗಿ ಕೊಟ್ಟು, ನಿನ್ನ ಕುತ್ತಿಗೆಯೇ ಸರಿ ಇಲ್ಲ ಅಂದ ಹಾಗೆ. ಮೈಕ್ ಬಂದ ಮೇಲೆ ಈ ಸಮಸ್ಯೆ ಅರ್ಧ ಕರಗಿತು. ಇನ್ನರ್ಧಕ್ಕೆ ಬೇಕಾದದ್ದು ಹಾಡುವವರ ಸ್ವರ ಗೊತ್ತಿರುವ, ಅದಕ್ಕೆ ಸರಿಯಾಗಿ ನುಡಿಸುವ ಮನಸ್ಸಿರುವ ಮದ್ದಳೆಗಾರ. ಲೀಲಾವತಿ ಅಮ್ಮನಿಗೆ ಅಂಥವರು ಮನೆಯಲ್ಲೇ ಇದ್ದರು.

ಇದನ್ನು ಓದಿ “ಓಹೋ, ಗಂಡನಿಂದಾಗಿ ಮೇಲೆ ಬಂದರು” ಅಂತ ಯಾರಾದರೂ ತಿಳಿದರೆ ನಮಗೆ ಬೇಸರ. ಗಂಡ ಬಾಗಿಲು ತೆಗೆಯಬಹುದು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಪ್ರೇಕ್ಷಕರನ್ನು ಎಬ್ಬಿಸಿ ಕೂರಿಸುವುದು ಹಾಡುವವರ ಕೆಲಸ. ನಾವು ಹೇಳುವುದು ಬೇರೆ. ಗಂಡ ಮದ್ದಳೆಗಾರ ಅಲ್ಲದ, ಸಂಗೀತ ಬಲ್ಲ ಇನ್ನೊಬ್ಬಾಕೆ ಅದೇ ಕಾಲದಲ್ಲಿ ಕಾಸರಗೋಡಿನಲ್ಲೋ ಪುತ್ತೂರಿನಲ್ಲೋ ಇದ್ದಿರಬಹುದಲ್ಲ? ಅವರ ಹೆಸರು ನಮಗೆ ಗೊತ್ತಾಗದೆ ಹೋದದ್ದು ಸ್ವರ ಇಲ್ಲದ್ದಕ್ಕಲ್ಲ, ಬಾಗಿಲು ಇಲ್ಲದ್ದಕ್ಕೆ.

ಆಫ್ರಿಕದ ಕಡೆ ನೋಡಿದಾಗ ಇದೇ ಕಥೆ ಇನ್ನೊಂದು ವಾದ್ಯ ಹಿಡಿದು ಕೂತಿತ್ತು. ಜಿಂಬಾಬ್ವೆಯ ಸ್ಟೆಲ್ಲಾ ಚಿವೇಶೆ ಹುಟ್ಟಿದ್ದು 1946ರಲ್ಲಿ, ಲೀಲಾವತಿ ಅಮ್ಮನಿಗಿಂತ ಒಂದು ವರ್ಷ ದೊಡ್ಡವರು. ತೀರಿಕೊಂಡದ್ದು 2023ರ ಜನವರಿಯಲ್ಲಿ. ಅವರ ವಾದ್ಯ ಎಂಬಿರಾ. ಮರದ ಹಲಗೆಯ ಮೇಲೆ ಕಬ್ಬಿಣದ ಕಡ್ಡಿಗಳನ್ನು ಸಾಲಾಗಿ ಬಿಗಿದು, ಹೆಬ್ಬೆರಳು ತೋರುಬೆರಳಿನಿಂದ ಮೀಟುವುದು; ಸ್ವರ ದೊಡ್ಡದಾಗಲು ಅದನ್ನು ಸೋರೆ ಬುರುಡೆಯೊಳಗೆ ಇಟ್ಟು ನುಡಿಸುತ್ತಾರೆ. ಶೋನಾ ಜನ ಹಿರಿಯರ ಆತ್ಮಗಳನ್ನು ಕರೆಯುವ ರಾತ್ರಿಯ ಆರಾಧನೆಗಳಲ್ಲಿ ಇದನ್ನು ನುಡಿಸುತ್ತಾರೆ. ನಮ್ಮ ಊರಿನವರಿಗೆ ಅರ್ಥವಾಗಲು ಕೋಲ, ನೇಮದ ರಾತ್ರಿಯನ್ನು ನೆನೆಸಿಕೊಂಡರೆ ಸಾಕು, ಪೂರ್ತಿ ಒಂದೇ ಅಲ್ಲದಿದ್ದರೂ. ನುಡಿಸುವವರು ಗಂಡಸರೇ. 1960ರ ದಶಕದಲ್ಲಿ ಸ್ಟೆಲ್ಲಾ ಕಲಿಸಿ ಅಂತ ಕೇಳಿದಾಗ ಹೆಣ್ಣಿಗೆ ಕಲಿಸಲು ಜನ ಸಿಗಲಿಲ್ಲ. ಕೊನೆಗೆ ಕಲಿಸಿದವರು ಅಜ್ಜನ ಸಾಲಿನ ಒಬ್ಬ ಸಂಬಂಧಿಕರು. ಆಗ ಅಲ್ಲಿ ಬಿಳಿಯರ ಆಳ್ವಿಕೆ, ಇಂಥ ಆರಾಧನೆಗಳೇ ಗುಟ್ಟಾಗಿ ನಡೆಯಬೇಕಿತ್ತು. ಹಗಲು ಮನೆಗೆಲಸ, ರಾತ್ರಿ ಎಂಬಿರಾ, ಹೀಗೆ ಅವರು ಬದುಕಿದರು. 1974ರಲ್ಲಿ ಮೊದಲ ಧ್ವನಿಮುದ್ರಿಕೆ ಮಾಡಿದಾಗ ಕೈಯಲ್ಲಿದ್ದ ಎಂಬಿರಾ ಕೂಡ ಎರವಲು.

1980ರಲ್ಲಿ ಜಿಂಬಾಬ್ವೆಗೆ ಸ್ವಾತಂತ್ರ್ಯ ಬಂದ ಮೇಲೆ ಸ್ಟೆಲ್ಲಾ ರಾಷ್ಟ್ರೀಯ ನೃತ್ಯ ತಂಡ ಸೇರಿದರು. ಅಲ್ಲಿ ನುಡಿಸುವುದು, ಕುಣಿಯುವುದು, ನಟಿಸುವುದು ಮೂರೂ ಅವರದೇ. ಆಮೇಲೆ ಸ್ವಂತ ಬ್ಯಾಂಡ್ ಕಟ್ಟಿ ಯುರೋಪ್ ಸುತ್ತಿದರು. ಅವರ ಬಾಗಿಲು ಕೂಡ ಮನೆತನದ್ದೇ ಎಂಬುದನ್ನು ಗಮನಿಸಿ. ಒಬ್ಬ ಅಜ್ಜ ಹೂಂ ಅನ್ನದಿದ್ದರೆ ಆ ಕಥೆಯೇ ಇಲ್ಲ.

ಪಶ್ಚಿಮ ಆಫ್ರಿಕದ ಗಾಂಬಿಯಾದ ಕಡೆ ಕೋರ ಎಂಬ 21 ತಂತಿಯ ವಾದ್ಯ ಉಂಟು. ಅದು ವಂಶಪಾರಂಪರ್ಯವಾಗಿ ಗ್ರಿಯೋ ಮನೆತನಗಳ ಗಂಡುಮಕ್ಕಳಿಗೆ ಬರುವಂಥದ್ದು. ಆ ಮನೆತನಗಳ ಹೆಣ್ಣುಮಕ್ಕಳು ಹಾಡಬಹುದು, ಕೋರ ಮುಟ್ಟುವುದು ವಾಡಿಕೆ ಅಲ್ಲ. ಸೋನಾ ಜೋಬಾರ್ಟೆ 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಗ್ರಿಯೋ ಮನೆತನದಿಂದ ಬಂದು ಕೋರವನ್ನೇ ವೃತ್ತಿಯಾಗಿ ಹಿಡಿದ ಮೊದಲ ಹೆಣ್ಣು ಅಂತ ಅವರನ್ನು ಗುರುತಿಸುತ್ತಾರೆ. ಇವರು ಮಾಡಿದ ದೊಡ್ಡ ಕೆಲಸ ಅದಲ್ಲ ಅಂತ ನಮ್ಮ ಅಭಿಪ್ರಾಯ. ತನಗೆ ಮನೆತನದಿಂದ ಸಿಕ್ಕಿದ್ದನ್ನು ಅವರು ಗಾಂಬಿಯಾದಲ್ಲಿ ಒಂದು ಶಾಲೆಯಾಗಿ ಮಾಡಿದರು. ಗಾಂಬಿಯಾ ಅಕಾಡೆಮಿಯಲ್ಲಿ ಉಳಿದ ಪಾಠಗಳ ಜೊತೆ ಅಲ್ಲಿನ ಸಂಗೀತವನ್ನೂ ಮಕ್ಕಳಿಗೆ ಕಲಿಸುತ್ತಾರೆ.

ಈಗ ತಲಕಳಕ್ಕೆ ವಾಪಸ್ ಬನ್ನಿ. ಬೈಪಾಡಿತ್ತಾಯ ದಂಪತಿ ಮಾಡಿದ್ದೂ ಅದನ್ನೇ. ಬಜಪೆಯಿಂದ ಹತ್ತಿರದ ಕಟೀಲಿನಲ್ಲಿ ದುರ್ಗಾ ಮಕ್ಕಳ ಮೇಳದ ಮಕ್ಕಳಿಗೆ ಇಬ್ಬರೂ ಗುರುಗಳಾದರು. ಹಿಮ್ಮೇಳ ಕಲಿಯಲು ಮನೆಗೆ ಬಂದವರಿಗೂ ಕಲಿಸಿದರು. ಇವತ್ತು ಮೇಳಗಳಲ್ಲಿ ಹಾಡುವ, ನುಡಿಸುವ ಎಷ್ಟೋ ಜನ ಅವರ ಶಿಷ್ಯರು. ಶಿಷ್ಯರೇ ಸೇರಿ ಗುರುಗಳ ಹೆಸರಿನಲ್ಲಿ ‘ಶ್ರೀ ಹರಿಲೀಲಾ ಯಕ್ಷನಾದ ಪ್ರಶಸ್ತಿ’ ಕೊಡುತ್ತಾ ಬಂದಿದ್ದಾರೆ. ಹೆಸರಿನಲ್ಲಿ ಹರಿ ಉಂಟು, ಲೀಲಾ ಉಂಟು. ಇಬ್ಬರ ಹೆಸರೂ ಸೇರಿದ ಪ್ರಶಸ್ತಿ ನಮಗೆ ಗೊತ್ತಿರುವ ಮಟ್ಟಿಗೆ ಅಪರೂಪ.

ಕಲಿಸುವುದನ್ನು ನಾವು ನಿವೃತ್ತಿಯ ನಂತರದ ಕೆಲಸ ಅಂದುಕೊಳ್ಳುತ್ತೇವೆ. ಆದರೆ ಹಾಡುವ ಹೆಣ್ಣಿನ ವೃತ್ತಿಯ ಲೆಕ್ಕದಲ್ಲಿ ಅದು ಮುಖ್ಯ ಭಾಗ. ಮೇಳದ ತಿರುಗಾಟ ದೇಹ ಕೇಳುವವರೆಗೆ ಮಾತ್ರ. ಪಾಠ ಹೇಳುವುದು ಮನೆಯಲ್ಲಿದ್ದೇ ಆಗುತ್ತದೆ, ವರ್ಷವಿಡೀ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಂಬಂಧಿಕರಲ್ಲದ ಹುಡುಗಿಯೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರಬಹುದು.

ಉಡುಪಿನ ವಿಷಯ ಬಾಕಿ ಉಳಿಯಿತು. ಗೋಹರ್ ಜಾನ್ ಅವರ ಹೆಸರು ಕೇಳಿರಬಹುದು. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮೋಫೋನಿಗೆ ಹಾಡಿದವರು, ನಮ್ಮ ದೇಶದ ಮೊದಲ ಮುದ್ರಿಕೆಗಳ ಕಾಲದ ತಾರೆ. ಮೂರು ನಿಮಿಷದ ತಟ್ಟೆಯಲ್ಲಿ ಹಿಂದೂಸ್ತಾನಿ ಹಾಡು ಹಿಡಿಸುವುದು ಹೇಗೆ ಎಂಬ ಲೆಕ್ಕವನ್ನು ಬಿಡಿಸಿದವರು ಅವರು. ಮುದ್ರಣಕ್ಕೆ ಬರುವಾಗ ಪ್ರತಿ ಸಲ ಬೇರೆ ಬೇರೆ ಒಡವೆ, ಬೇರೆ ಉಡುಗೆ ಹಾಕಿಕೊಂಡು ಬರುತ್ತಿದ್ದರು ಅಂತ ಮುದ್ರಿಸಿದ ಎಂಜಿನಿಯರ್ ಗೈಸ್‌ಬರ್ಗ್ ಬರೆದಿಟ್ಟಿದ್ದಾರೆ. ತಟ್ಟೆಯಲ್ಲಿ ಒಡವೆ ಕಾಣುತ್ತದಾ? ಇಲ್ಲ. ಆದರೆ ತಾನು ಯಾರು, ತನ್ನ ಬೆಲೆ ಎಷ್ಟು ಅಂತ ಆ ಕೋಣೆಯಲ್ಲಿದ್ದ ಕಂಪನಿಯವರಿಗೆ ಕಾಣುತ್ತದೆ. ಈ ಗೋಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ದಕ್ಷಿಣ ಆಫ್ರಿಕದ ಮಿರಿಯಂ ಮಕೇಬಾ ಇದನ್ನೇ ತಿರುಗಿಸಿ ಮಾಡಿದರು. 1960ರಲ್ಲಿ ಅಮ್ಮ ತೀರಿಕೊಂಡಾಗ ಊರಿಗೆ ಹೋಗಲು ಹೊರಟರೆ ವರ್ಣಭೇದದ ಸರ್ಕಾರ ಅವರ ಪಾಸ್‌ಪೋರ್ಟನ್ನೇ ರದ್ದು ಮಾಡಿತ್ತು. ಮೂರು ದಶಕ ಊರು ಕಾಣಲಿಲ್ಲ. ಹೊರದೇಶದ ವೇದಿಕೆಗಳಲ್ಲಿ ಅವರು ಕೂದಲನ್ನು ನೇರ ಮಾಡದೆ ಇದ್ದ ಹಾಗೆಯೇ ಬಿಟ್ಟರು, ಆಫ್ರಿಕದ ಉಡುಗೆಯಲ್ಲೇ ನಿಂತರು. ಆಗಿನ ಅಮೆರಿಕದಲ್ಲಿ ಕಪ್ಪು ಹೆಣ್ಣೊಬ್ಬಳು ಹಾಗೆ ನಿಲ್ಲುವುದು ಫ್ಯಾಷನ್ ಮಾತ್ರ ಆಗಿರಲಿಲ್ಲ. 1963ರಲ್ಲಿ ವಿಶ್ವಸಂಸ್ಥೆಯಲ್ಲಿ ಮಾತಾಡಿದರು, 1966ರಲ್ಲಿ ಹ್ಯಾರಿ ಬೆಲಫಾಂಟೆ ಜೊತೆ ಗ್ರ್ಯಾಮಿ ಪಡೆದರು. ಉಡುಪು ಅವರ ಪಾಸ್‌ಪೋರ್ಟ್ ಆಗಿತ್ತು ಅಂದರೆ ಅತಿಶಯೋಕ್ತಿ ಅಲ್ಲ.

ನಮ್ಮಲ್ಲಿ ಭಾಗವತರ ಉಡುಪು ಅಂದರೆ ಪಂಚೆ, ಜುಬ್ಬ, ಶಾಲು, ತಲೆಗೆ ಮುಂಡಾಸು. ಎಲ್ಲವೂ ಗಂಡಸಿನ ಉಡುಪೇ. ಹೆಣ್ಣು ಭಾಗವತರು ಸೀರೆಯುಟ್ಟು ಅದೇ ಪೀಠದಲ್ಲಿ ಕೂರುತ್ತಾರೆ. ಮೊದಲ ಸಲ ನೋಡಿದವರಿಗೆ ಕಣ್ಣು ಅಲ್ಲಿಯೇ ನಿಂತಿರಬೇಕು. ನಾಲ್ಕನೇ ಪದ್ಯಕ್ಕೆ ಕಿವಿ ಮಾತ್ರ ಉಳಿಯುತ್ತದೆ. ಮುಮ್ಮೇಳದಲ್ಲಿ ಕಷ್ಟ ಹೆಚ್ಚು. ಕಿರೀಟ, ಭುಜಕೀರ್ತಿ, ದಗಲೆ, ವೀರಕಸೆ ಎಲ್ಲವೂ ಗಂಡಸಿನ ತಲೆ, ಹೆಗಲು, ಎದೆಯ ಅಳತೆಗೆ ಮಾಡಿದ್ದು. ನಮ್ಮ ತಂಡದ ಹುಡುಗಿಯರು ಬಾಡಿಗೆಯ ವೇಷಭೂಷಣ ಕಟ್ಟಿಸಿಕೊಳ್ಳುವಾಗ ಕಿರೀಟದೊಳಗೆ ಬಟ್ಟೆ ತುರುಕಿ ಬಿಗಿ ಮಾಡುವುದು ಪ್ರತಿ ಫೆಸ್ಟಿನ ದೃಶ್ಯ. ಟೈಲಾಗೆ ಅಚ್ಚು ತೆಗೆದು ಉಡುಪು ಮಾಡಿದರೂ ನಡೆಯಲಾಗಲಿಲ್ಲ, ಇವರು ಅಳತೆ ತಪ್ಪಿದ ಕಿರೀಟದಲ್ಲಿ ಧೀಂಗಣ ತೆಗೆಯುತ್ತಾರೆ! ಮೆಕ್ಯಾನಿಕಲ್‌ನವರು ಹಗುರ ವಸ್ತುವಿನಲ್ಲಿ, ಅಳತೆಗೆ ಸರಿಯಾಗಿ ಒಂದು ಕಿರೀಟದ ಚೌಕಟ್ಟು ಮಾಡಿಕೊಡಬಹುದಲ್ಲ ಅಂತ ಕೇಳಿದರೆ “ಪ್ರಾಜೆಕ್ಟಿಗೆ ಮಾರ್ಕು ಸಿಗುತ್ತದಾ?” ಅಂತ ಕೇಳುತ್ತಾರೆ. ಕೇಳಿ ನೋಡಬೇಕು.

ಆಫ್ರಿಕ ಅಂತ ನಾವು ಇಷ್ಟು ಹೊತ್ತು ಹೇಳಿದ್ದು ಸಮುದ್ರದ ಆಚೆ. ಆದರೆ ಆಫ್ರಿಕದ ಮೂಲದ ಕನ್ನಡದ ಹೆಣ್ಣುಮಕ್ಕಳು ನಮ್ಮ ರಾಜ್ಯದಲ್ಲೇ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಯರು. ಇವರ ಡಮಾಮಿ ಕುಣಿತ ಪ್ರಸಿದ್ಧ. ಮಂಚಿಕೇರಿಯ ಗಿರಿಜಾ ಸಿದ್ದಿ ಹೆಗ್ಗೋಡಿನ ನೀನಾಸಂನಲ್ಲಿ ರಂಗಭೂಮಿ ಕಲಿತವರು, ನಟಿ, ಹಾಡುಗಾರ್ತಿ. 2021ರಲ್ಲಿ ಬಂದ ‘ಸಲಗ’ ಸಿನಿಮಾದಲ್ಲಿ ಸಿದ್ದಿಯರ ಹಾಡೊಂದು ರಾಜ್ಯವಿಡೀ ಕುಣಿಸಿತಲ್ಲ, ಅದರಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅವರ ಸ್ವರ ಉಂಟು. ನಮ್ಮ ಕ್ಯಾಂಪಸ್ಸಿನ ಫ್ರೆಷರ್ಸ್ ಡೇಗೆ ಅದನ್ನು ಹಾಕಿ ಕುಣಿದವರೆಷ್ಟು, ಹಾಡಿದವರ ಹೆಸರು ಹುಡುಕಿದವರೆಷ್ಟು?

ಸಿದ್ದಿ ಹೆಂಗಸರ ಇನ್ನೊಂದು ಕೆಲಸ ಕೌದಿ. ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಒಳಕ್ಕೆ ಒಂದರ ಮೇಲೊಂದು ಹೊಲಿಯುತ್ತಾ ಹೋಗುವುದು. ನಮ್ಮ ಕಣ್ಣಿಗೆ ಅದು ಅಜ್ಜಿಯ ಹೊದಿಕೆ. ಹೊರದೇಶಗಳ ಪ್ರದರ್ಶನ ಕೋಣೆಗಳಲ್ಲಿ ಅದನ್ನು ಗೋಡೆಗೆ ತೂಗುಹಾಕಿ ಕಲೆ ಅಂತ ನೋಡುತ್ತಾರೆ. ಹಾಡುವ ಕೈಯೇ ಹೊಲಿಯುತ್ತದೆ ಎಂಬುದು ಆ ಊರುಗಳಲ್ಲಿ ವಿಶೇಷ ಸುದ್ದಿ ಏನಲ್ಲ.

ಇನ್ನು ದುಡ್ಡು. ಕಲೆಯ ಲೇಖನದಲ್ಲಿ ದುಡ್ಡಿನ ಮಾತು ಬೇಡ ಅನ್ನುವವರು ಇದ್ದಾರೆ, ನಾವು ಆ ಪಕ್ಷ ಅಲ್ಲ. ಮಾಲಿ ದೇಶದ ಊಮು ಸಂಗಾರೆ 1968ರಲ್ಲಿ ಬಮಾಕೋದಲ್ಲಿ ಹುಟ್ಟಿದವರು. ಅಪ್ಪ ಮನೆ ಬಿಟ್ಟು ಹೋದ ಮೇಲೆ ಸಣ್ಣ ಹುಡುಗಿ ಬೀದಿಯಲ್ಲಿ ನೀರು ಮಾರಿ, ಮದುವೆ ಮನೆಗಳಲ್ಲಿ ಹಾಡಿ ಸಂಸಾರ ನಡೆಸಿದಳು. ಇಪ್ಪತ್ತರ ಆಸುಪಾಸಿನಲ್ಲಿ ತಂದ ಮೊದಲ ಕ್ಯಾಸೆಟ್ ‘ಮುಸೋಲು’, ಅಂದರೆ ಹೆಂಗಸರು, ಪಶ್ಚಿಮ ಆಫ್ರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು. ಬಹುಪತ್ನಿತ್ವದ ವಿರುದ್ಧ, ಬಲವಂತದ ಮದುವೆಯ ವಿರುದ್ಧ ಹಾಡಿದರು, ಬೈಸಿಕೊಂಡರು. ಆಮೇಲೆ ಬಮಾಕೋದಲ್ಲಿ ಹೋಟೆಲ್ ಕಟ್ಟಿದರು. 2006ರಲ್ಲಿ ಚೀನಾದಿಂದ ಕಾರು ತರಿಸಿ ತಮ್ಮ ಹೆಸರಿನಲ್ಲೇ, ‘ಊಮ್ ಸಾಂಗ್’ ಅಂತ, ಮಾರಿದರು. ಹಾಡುಗಾರ್ತಿಯ ಹೆಸರಿನ ಕಾರು! ಆಟೋಮೊಬೈಲ್ ಬ್ರಾಂಚಿನವರು ಕೇಳಿಸಿಕೊಳ್ಳಿ. ಅವರಿಗೆ ಗೊತ್ತಿದ್ದದ್ದು ಇಷ್ಟು: ಬೇರೆಯವರ ವೇದಿಕೆಯಲ್ಲಿ ಹಾಡುವವಳನ್ನು ನಾಳೆ ಕರೆಯದೆ ಇರಬಹುದು, ತನ್ನ ಹೋಟೆಲಿನ ಬಾಗಿಲು ತಾನೇ ಮುಚ್ಚಬೇಕು.

ಇದನ್ನು ನಮ್ಮ ಕರಾವಳಿಗೆ ತಂದು ನೋಡಿದರೆ ಕಾಣುವ ಚಿತ್ರ ಸ್ವಲ್ಪ ವಿಚಿತ್ರ. ಕಲಿಯುವ ಬಾಗಿಲು ಇವತ್ತು ದೊಡ್ಡದಾಗಿ ತೆರೆದಿದೆ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್, ದಕ್ಷಿಣ ಕನ್ನಡದಲ್ಲಿ ಪಟ್ಲ ಫೌಂಡೇಶನ್ ಶಾಲೆ ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿವೆ, ಹೆಣ್ಣುಮಕ್ಕಳು ಗುಂಪು ಗುಂಪಾಗಿ ಕಲಿಯುತ್ತಾರೆ. ಭಾಗವತಿಕೆಯಲ್ಲಿ ಭವ್ಯಶ್ರೀ ಮಂಡೆಕೋಲು, ಕಾವ್ಯಶ್ರೀ ಅಜೇರು, ಅಮೃತಾ ಅಡಿಗ ಇವರ ಪದ್ಯ ಕೇಳಲು ಜನ ಕಾದು ಕೂರುತ್ತಾರೆ, ಯೂಟ್ಯೂಬಿನಲ್ಲಿ ಹುಡುಕಿ ನೋಡುತ್ತಾರೆ. ವೇಷದಲ್ಲಿ ವಿದ್ಯಾ ಕೊಳ್ಯೂರು ತಮ್ಮದೇ ತಂಡ ಕಟ್ಟಿ ಹಿಂದಿಯಲ್ಲೂ ಆಟ ಆಡಿಸಿದ್ದಾರೆ. ವಿಟ್ಲದ ಅರ್ಷಿಯಾ ಮಹಿಷಾಸುರನಾಗಿ ಬಂದರೆ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಆದರೆ ಆರು ತಿಂಗಳ ತಿರುಗಾಟ, ತಿಂಗಳ ಸಂಬಳ ಇರುವ ಹರಕೆ ಮೇಳಗಳ ಕಲಾವಿದರ ಪಟ್ಟಿಯಲ್ಲಿ ಹೆಣ್ಣಿನ ಹೆಸರು ಹುಡುಕಿದರೆ ಬೆರಳು ಮಡಚುವ ಕೆಲಸ ಬರುವುದು ಅಪರೂಪ. ಕಲಿತ ಹುಡುಗಿಯರಿಗೆ ಸ್ಪರ್ಧೆ ಉಂಟು, ಸನ್ಮಾನ ಉಂಟು, ಅತಿಥಿಯಾಗಿ ಕರೆಯುವ ಆಟ, ತಾಳಮದ್ದಳೆ ಉಂಟು. ನೌಕರಿ ಇಲ್ಲ. ಲೀಲಾವತಿ ಅಮ್ಮ ಆ ಕಾಲದಲ್ಲಿ ದಾಟಿದ್ದ ಗೆರೆಯನ್ನು, ಇಷ್ಟು ಜನ ಕಲಿತ ಮೇಲೂ, ಅವರ ಮೊಮ್ಮಕ್ಕಳ ವಯಸ್ಸಿನವರು ಹೊಸದಾಗಿ ದಾಟಬೇಕಾಗಿದೆ.

ಇದಕ್ಕೆ ಹರಕೆಯ ಆಟದ ಮಡಿ ಮೈಲಿಗೆಯ ಪ್ರಶ್ನೆ, ಚೌಕಿಯ ಪ್ರಶ್ನೆ, ರಾತ್ರಿ ಪ್ರಯಾಣದ ಪ್ರಶ್ನೆ ಎಲ್ಲ ಸೇರಿವೆ. ಒಂದೇ ಕಾರಣ ಹೇಳಿ ಮುಗಿಸಲು ಬರುವುದಿಲ್ಲ. ಹಲವು ಮೇಳಗಳು ಈಗ ರಾತ್ರಿಯಿಡೀ ಆಡದೆ ನಡುರಾತ್ರಿಯೊಳಗೆ ಮುಗಿಸುವ ಕಾಲಮಿತಿ ಪ್ರಯೋಗಕ್ಕೆ ಬಂದಿವೆ. ಹಳಬರಿಗೆ ಇದು ಇಷ್ಟವಿಲ್ಲ, ನಮಗೂ ಪೂರ್ತಿ ಇಷ್ಟವಿಲ್ಲ. ಬೆಳಗಿನ ಜಾವದ ಪದ್ಯದ ಸುಖವೇ ಬೇರೆ. ಆದರೆ ಹನ್ನೆರಡೂವರೆಗೆ ಮುಗಿಯುವ ಆಟದಿಂದ ಒಬ್ಬ ಹುಡುಗಿ ಮನೆಗೆ ಹೋಗಬಹುದು, ಮರುದಿನ ಕೆಲಸಕ್ಕೂ ಹೋಗಬಹುದು ಎಂಬುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ನಮ್ಮ ಕಾಲೇಜಿನ ಯಕ್ಷಗಾನ ತಂಡದಲ್ಲಿ ಈ ವರ್ಷ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಫೈನಲ್ ಇಯರ್‌ನಲ್ಲಿ ಪ್ಲೇಸ್‌ಮೆಂಟ್ ಆಗಿ ಬೆಂಗಳೂರಿಗೆ ಹೋದ ಮೇಲೆ ಗೆಜ್ಜೆ ಅಟ್ಟಕ್ಕೆ ಹೋಗುತ್ತದೆ. ಒಬ್ಬರು ಸೀನಿಯರ್ ಅಕ್ಕ ಮಾತ್ರ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ವಾರಾಂತ್ಯದಲ್ಲಿ ಅಲ್ಲಿನ ಹವ್ಯಾಸಿ ತಂಡದಲ್ಲಿ ಪದ್ಯ ಹೇಳುತ್ತಿದ್ದಾರೆ. “ನನ್ನ ಶ್ರುತಿಗೆ ಆಗುವ ಮದ್ದಳೆ ನಾನೇ ದುಡ್ಡು ಕೊಟ್ಟು ಮಾಡಿಸಿದೆ, ಈಗ ಯಾರೂ ಇಳಿಸಿ ಹಾಡು ಅಂತ ಹೇಳುವುದಿಲ್ಲ” ಅಂದರು ಫೋನಿನಲ್ಲಿ. ಮೊದಲ ಸಂಬಳದಲ್ಲಿ ಫೋನ್ ಬದಲಿಸುವವರ ನಡುವೆ ಮದ್ದಳೆ ಮಾಡಿಸಿದವರು.

ಮುಂದಿನ ಸಭೆಗೆ ಬರುವ ಮೊದಲು ಎರಡು ಕೆಲಸ ಮಾಡಿಕೊಂಡು ಬನ್ನಿ. ಒಂದು, ಲೀಲಾವತಿ ಬೈಪಾಡಿತ್ತಾಯರ ಯಾವುದಾದರೂ ಒಂದು ಪದ್ಯದ ವಿಡಿಯೋ ಹುಡುಕಿ, ಹೆಡ್‌ಫೋನ್ ಹಾಕಿ, ಬೆರಳಿನಲ್ಲಿ ತಾಳ ಎಣಿಸುತ್ತಾ ಕೇಳಿ. ಎಲ್ಲಿ ವೇಗ ಏರಿಸಿದರು, ಏರಿಸುವ ಮೊದಲು ಜಾಗಟೆಯಲ್ಲಿ ಏನು ಸೂಚನೆ ಕೊಟ್ಟರು ಅಂತ ಬರೆದುಕೊಳ್ಳಿ. ಎರಡು, ಅದೇ ರಾತ್ರಿ ಸ್ಟೆಲ್ಲಾ ಚಿವೇಶೆಯವರ ಎಂಬಿರಾ ಹತ್ತು ನಿಮಿಷ ಕೇಳಿ. ಸುತ್ತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಮೊದಲ ಸಲಕ್ಕೆ ಗೊತ್ತಾಗುವುದಿಲ್ಲ, ಹೆದರಬೇಡಿ, ನಮಗೂ ಗೊತ್ತಾಗಲಿಲ್ಲ. ಶ್ರುತಿ ಪೆಟ್ಟಿಗೆ ಕ್ಲಬ್ ರೂಮಿನ ಕಪಾಟಿನ ಕೆಳಗಿನ ಹಲಗೆಯಲ್ಲಿ ಉಂಟು, ಬಿಳಿ ಐದಕ್ಕೆ ಇಟ್ಟಿದ್ದೇವೆ. ಹುಡುಗರು ದಯವಿಟ್ಟು ಅದನ್ನು ತಿರುಗಿಸಬೇಡಿ.